ಎರಡನೇ ಸೆಟ್ ನಾಮಪತ್ರ

ಪುರಸಭೆಯಲ್ಲೋ ನಗರಸಭೆಯಲ್ಲೋ ಸದಸ್ಯರಾಗಿದ್ದು, ಮುಂದೆ ವಿಧಾನಸಭೆಗೆ ನಿಲ್ಲಬೇಕೆಂದು ಮನಸ್ಸು ಮಾಡಿದವರು ಈಗಲೂ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಎಷ್ಟು ಖರ್ಚಾಯಿತು, ಯಾರು ಕೈ ಹಿಡಿದರು, ಯಾರು ಕೈ ಕೊಟ್ಟರು ಎಂದು ಕೇಳುತ್ತಾರೆ. ಅದಕ್ಕೆಲ್ಲ ಉತ್ತರ ಕೊಡುವ ಮೊದಲು ನಾನು ಹೇಳುವುದು ಒಂದೇ: ನಾಮಪತ್ರ ಒಂದೇ ಸೆಟ್ ಹಾಕಬೇಡಿ. ಕಾನೂನಿನಲ್ಲಿ ನಾಲ್ಕು ಸೆಟ್ಟಿಗೆ ಅವಕಾಶವಿದೆ, ಠೇವಣಿ ಒಂದು ಸಲ ಕಟ್ಟಿದರೆ ಸಾಕು. ಪ್ರತಿ ಸೆಟ್ಟಿಗೂ ಬೇರೆ ಬೇರೆ ಸೂಚಕರನ್ನು ಹಾಕಿ. 2023ರ ಏಪ್ರಿಲ್ 21ರಂದು ನನ್ನ ಉಮೇದುವಾರಿಕೆ ಉಳಿದಿದ್ದು ಇದೊಂದರಿಂದ.

ನಾನು ಹಳೇ ಮೈಸೂರು ಕಡೆಯ ಒಂದು ಪುರಸಭೆಗೆ ಎರಡು ಸಲ ಪಕ್ಷೇತರಳಾಗಿ ಗೆದ್ದವಳು. ಎರಡನೇ ಸಲ ಗೆದ್ದದ್ದು 2018ರ ಆಗಸ್ಟಿನ ಚುನಾವಣೆಯಲ್ಲಿ. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನದ ಮೀಸಲಾತಿ ಕೋರ್ಟಿಗೆ ಹೋಯಿತು. ಎಷ್ಟೋ ಊರುಗಳಲ್ಲಿ ಆದಂತೆ ನಮ್ಮಲ್ಲೂ 2020ರವರೆಗೆ ಅಧ್ಯಕ್ಷರಿಲ್ಲ, ಕೌನ್ಸಿಲ್ ಇಲ್ಲ. ಆಡಳಿತಾಧಿಕಾರಿಯ ಕೈಯಲ್ಲಿ ಎಲ್ಲ ಇತ್ತು. ಆದರೂ ನಲ್ಲಿಯಲ್ಲಿ ನೀರು ಬರದ ದಿನ ಜನ ಕೊಡ ಹಿಡಿದುಕೊಂಡು ಬಂದದ್ದು ನಮ್ಮ ಮನೆ ಬಾಗಿಲಿಗೆ. ಸಹಿ ಹಾಕುವ ಅಧಿಕಾರವಿಲ್ಲದೆ, ಮುಖ್ಯಾಧಿಕಾರಿಯ ಮುಂದೆ ಕೂತು, ಜಗಳವಾಡಿ ಪೈಪ್‌ಲೈನ್ ಹಾಕಿಸಿದೆ.

ವಿಧಾನಸಭೆಗೆ ನಿಲ್ಲುವ ಹಟ ಹುಟ್ಟಿದ್ದು ನಿವೇಶನದ ವಿಷಯದಲ್ಲಿ. ನಮ್ಮ ವಾರ್ಡಿನ ಕೆರೆ ಏರಿಯ ಪಕ್ಕ ತಗಡಿನ ಶೆಡ್ಡಿನಲ್ಲಿ ಬದುಕುವ ಕುಟುಂಬಗಳಿವೆ. ಅವರ ಅರ್ಜಿಗಳನ್ನು ನಾನೇ ಕೂತು ತುಂಬಿಸಿದೆ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ನಾನೇ ಕರೆದುಕೊಂಡು ಹೋದೆ. ಆದರೆ ನಿವೇಶನಕ್ಕೆ ಫಲಾನುಭವಿಗಳನ್ನು ಆರಿಸುವ ಆಶ್ರಯ ಸಮಿತಿಗೆ ಶಾಸಕರೇ ಅಧ್ಯಕ್ಷರು. ಪಟ್ಟಿ ಅಲ್ಲಿ ಆಗುತ್ತದೆ. ಪಟ್ಟಿ ಹೊರಬಿದ್ದಾಗ ಕೆರೆ ಏರಿಯವರ ಹೆಸರು ಒಂದೂ ಇರಲಿಲ್ಲ. ಪುರಸಭೆ ಸದಸ್ಯರು ಕೈ ಎತ್ತಿ ಠರಾವು ಮಾಡಬಹುದು, ಬಡವರ ತಲೆ ಮೇಲೆ ಸೂರು ಬರುವುದು ಇನ್ನೊಬ್ಬರ ಸಹಿಯಿಂದ ಎಂದು ಅವತ್ತು ನನಗೆ ಖಚಿತವಾಯಿತು.

ನಿಲ್ಲುತ್ತೇನೆ ಎಂದಾಗ ಮನೆಯಲ್ಲಿ ಮೊದಲು ತಕರಾರು ತೆಗೆದವನು ನನ್ನ ಮೈದುನ. "ವಾರ್ಡ್ ಮೆಂಬರ್ ಆದೋರೆಲ್ಲ ಎಂಎಲ್‌ಎ ಆಗಕ್ಕಾಗುತ್ತಾ ಅತ್ತಿಗೆ?" ಎಂದ. ಯಡಿಯೂರಪ್ಪನವರು ಶಿಕಾರಿಪುರ ಪುರಸಭೆಯಿಂದ ಬಂದವರು, ಸಿದ್ದರಾಮಯ್ಯನವರು ಮೈಸೂರು ತಾಲೂಕು ಬೋರ್ಡಿನಿಂದ ಬಂದವರು, ಇಬ್ಬರೂ ಮೊದಲ ಸಲ ವಿಧಾನಸಭೆ ಮೆಟ್ಟಿಲು ಹತ್ತಿದ್ದು 1983ರಲ್ಲಿ ಎಂದೆ. ಅವನು ಸುಮ್ಮನಾದ. ಆಮೇಲೆ, "ಆಯ್ತು, ನಾನೂ ಜೊತೆಗಿರ್ತೀನಿ" ಎಂದ. ಬಿ ಫಾರಂಗಾಗಿ ಓಡಾಡಿದ ಕಥೆ ಎಲ್ಲರಿಗೂ ಗೊತ್ತಿರುವಂಥದ್ದೇ, ಅದನ್ನು ಬರೆಯುವುದಿಲ್ಲ. ಕೊನೆಗೆ ಪಕ್ಷೇತರಳಾಗಿಯೇ ನಿಂತೆ.

ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು. ಪಕ್ಷೇತರರಿಗೆ ಹತ್ತು ಜನ ಬೇಕು, ಹತ್ತೂ ಜನ ಅದೇ ಕ್ಷೇತ್ರದ ಮತದಾರರಾಗಿರಬೇಕು. ಒಬ್ಬರು ಕಡಿಮೆಯಾದರೂ ನಾಮಪತ್ರ ಬಿದ್ದಂತೆ. ಮೊದಲ ಸೆಟ್ಟಿಗೆ ನಮ್ಮ ಮನೆಯವರು, ನೆಂಟರು, ಅಂಗಡಿ ಬೀದಿಯ ದೊಡ್ಡವರು ಸಹಿ ಹಾಕಿದರು. ಮೈದುನ ಮೂರನೆಯವನು. ನಮ್ಮ ಹಜಾರದಲ್ಲಿ ಕೂತು, ನನ್ನ ಅತ್ತೆಯ ಕಣ್ಣೆದುರಿಗೇ ಹಾಕಿದ.

ನಮ್ಮ ಬೀದಿಯಲ್ಲಿ ತಾಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಸೂಚಕರ ಪಟ್ಟಿ ನೋಡಿ ಅವರು, "ತಾಯಿ, ಇದರಲ್ಲಿ ಸರ್ಕಾರದಿಂದ ಬಿಲ್ಲು ಬರಬೇಕಾದವರು ಎಷ್ಟು ಜನ ಇದ್ದಾರೆ?" ಎಂದು ಕೇಳಿದರು. ಮೈದುನ ಗುತ್ತಿಗೆದಾರ. ರಸ್ತೆ ಕಾಮಗಾರಿಯ ಬಿಲ್ಲು ಬಾಕಿ ಇತ್ತು. ಅವರು ಮತ್ತೇನೂ ಹೇಳಲಿಲ್ಲ, ಇನ್ನೊಂದು ಸೆಟ್ ಮಾಡಿಸಿ ಎಂದರು. ಎರಡನೆಯದಕ್ಕೆ ನಮ್ಮ ಸ್ತ್ರೀಶಕ್ತಿ ಸಂಘದ ಹೆಂಗಸರು, ಕೆರೆ ಏರಿಯವರು, ಸಂತೆಯಲ್ಲಿ ಹೂ ಮಾರುವ ಒಬ್ಬ ಅಜ್ಜಿ ಸೂಚಕರಾದರು.

ಅಜ್ಜಿಗೆ ಓದು ಬರಹ ಇಲ್ಲ, ಹೆಬ್ಬೆಟ್ಟು. ಚುನಾವಣಾಧಿಕಾರಿಯ ಕಚೇರಿಯ ಸಹಾಯ ಕೇಂದ್ರದಲ್ಲಿದ್ದವರನ್ನು ಕೇಳಿದರೆ, "ಮನೇಲೇ ಒತ್ತಿಸ್ಕೊಂಡು ಬನ್ನಿ ಮೇಡಂ, ಅದಕ್ಕೇನು" ಎಂದು ತಲೆ ಎತ್ತದೆ ಹೇಳಿದರು. ಶಿರಸ್ತೇದಾರರು ಒಪ್ಪಲಿಲ್ಲ. ಹೆಬ್ಬೆಟ್ಟನ್ನು ಅಧಿಕಾರಿಯ ಎದುರಿನಲ್ಲೇ ಒತ್ತಬೇಕು, ಅಧಿಕಾರಿ ಗುರುತು ಖಾತ್ರಿ ಮಾಡಿಕೊಂಡು ದೃಢೀಕರಿಸಬೇಕು ಎಂದು ನಿಯಮದ ಪುಸ್ತಕ ತೆರೆದು ತೋರಿಸಿದರು. ಅಭ್ಯರ್ಥಿಯೂ ಸೇರಿ ಐದೇ ಜನ ಒಳಗೆ ಹೋಗಬಹುದು. ಫೋಟೊದಲ್ಲಿ ನಿಲ್ಲಬೇಕೆಂದು ಶಾಲು ಹೊದ್ದು ಬಂದಿದ್ದ ನೆಂಟರೊಬ್ಬರನ್ನು ಹೊರಗೆ ನಿಲ್ಲಿಸಿ ಅಜ್ಜಿಯನ್ನು ಒಳಗೆ ಕರೆದುಕೊಂಡು ಹೋದೆ. ಅವರು ಇವತ್ತಿಗೂ ಮುನಿಸಿಕೊಂಡಿದ್ದಾರೆ. ಇರಲಿ.

ಪರಿಶೀಲನೆ 21ರ ಬೆಳಿಗ್ಗೆ 11ಕ್ಕೆ. ಒಳಗೆ ನಾನು, ನನ್ನ ಚುನಾವಣಾ ಏಜೆಂಟ್ ಆಗಿದ್ದ ಯಜಮಾನರು, ಸೂಚಕರ ಪರವಾಗಿ ಸಂಘದ ಒಬ್ಬಳು ಹುಡುಗಿ. ಪಕ್ಷದವರ ನಾಮಪತ್ರಗಳು ಒಂದೊಂದಾಗಿ ಮುಗಿದವು. ನನ್ನ ಹೆಸರು ಕರೆದ ಕೂಡಲೇ ಎದುರು ಸಾಲಿನಿಂದ ಒಬ್ಬ ವಕೀಲರು ಎದ್ದು, ಮೂರನೇ ಸೂಚಕರ ಸಹಿ ನಕಲಿ, ಅವರೇ ಅಫಿಡವಿಟ್ ಕೊಟ್ಟಿದ್ದಾರೆ, ಹೊರಗೇ ಇದ್ದಾರೆ ಎಂದರು. ನನಗೆ ಮೊದಲು ಅರ್ಥವಾಗಲಿಲ್ಲ. ಮೂರನೆಯವನು ಯಾರೆಂದು ಮನಸ್ಸಿನಲ್ಲೇ ಎಣಿಸಿದೆ. ಎಣಿಸುತ್ತಿರುವಾಗಲೇ ಬಾಗಿಲು ತೆಗೆದು ನನ್ನ ಮೈದುನ ಒಳಗೆ ಬಂದ.

ಅವನು ನಮ್ಮ ಕಡೆ ನೋಡಲಿಲ್ಲ. ನೇರ ಮೇಜಿನ ಹತ್ತಿರ ಹೋಗಿ ನಿಂತ. ಚುನಾವಣಾಧಿಕಾರಿ ನಾಮಪತ್ರ ತಿರುಗಿಸಿ ತೋರಿಸಿ, "ಈ ಸಹಿ ನಿಮ್ದೇನ್ರೀ?" ಎಂದರು.

"ಅಲ್ಲ ಸಾರ್."

"ಮತ್ತೆ ಯಾರದು?"

"ಗೊತ್ತಿಲ್ಲ ಸಾರ್. ಅವ್ರೇ ಹಾಕ್ಕೊಂಡಿರಬೇಕು."

ಪಕ್ಕದಲ್ಲಿ ವಕೀಲರು "ಫೋರ್ಜರಿ" ಎಂದು ಗಟ್ಟಿಯಾಗಿ ಹೇಳಿದರು. ನನ್ನ ಹೆಸರಿನ ಪಕ್ಕ ಆ ಮಾತು ಬರುತ್ತದೆಂದು ನಾನು ಎಂದೂ ಅಂದುಕೊಂಡಿರಲಿಲ್ಲ. ಸ್ಟಾಂಪ್ ಪೇಪರಿನ ಮೇಲೆ ಯಾರಿಗೂ ಒಂದು ಸುಳ್ಳು ಬರೆದುಕೊಟ್ಟವಳಲ್ಲ ನಾನು. ಎದ್ದು ನಿಂತೆ. "ನಮ್ಮತ್ತೆ ಎದುರಿಗೆ ಕೂತು ಹಾಕಿದ್ದಲ್ವೇನಪ್ಪಾ? ನನ್ನ ಮುಖ ನೋಡಿ ಹೇಳು" ಎಂದೆ.

"ಅತ್ತಿಗೆ, ಇಲ್ಲಿ ಮನೆ ಮಾತು ಬೇಡ" ಎಂದ. ಆಗಲೂ ಮುಖ ನೋಡಲಿಲ್ಲ.

ಯಜಮಾನರು ಜೋರಾಗಿ ಮಾತಾಡುವವರಲ್ಲ. ಅವತ್ತು ಅವರ ದನಿ ನಡುಗುತ್ತಿತ್ತು. "ಸಾರ್, ನಮ್ಮಿಬ್ಬರ ಪಾಲುಪಟ್ಟಿ ರಿಜಿಸ್ಟರ್ ಆಗಿದೆ. ಅದರಲ್ಲಿರೋದೂ ಇದೇ ಸಹಿ. ತರಿಸ್ತೀನಿ" ಎಂದರು. ನಾನು ಕಾಲಾವಕಾಶ ಕೇಳಿದೆ. ಆಕ್ಷೇಪಣೆಗೆ ಉತ್ತರ ಕೊಡಲು ಅಭ್ಯರ್ಥಿ ಸಮಯ ಕೇಳಬಹುದು ಎಂದು 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 36ನೇ ಕಲಮಿನಲ್ಲೇ ಇದೆ. ಅಧಿಕಾರಿ ಗಡಿಯಾರ ನೋಡಿದರು. "ನಿಮ್ದು ಇನ್ನೊಂದು ಸೆಟ್ ಇದೆಯಲ್ಲಮ್ಮ, ಮತ್ಯಾಕೆ?" ಎಂದು ಮೊದಲನೆಯದರ ಮೇಲೆ ತಿರಸ್ಕೃತ ಎಂದು ಬರೆದೇಬಿಟ್ಟರು. ಸುಳ್ಳು ಹೇಳಿದವನು ಅಲ್ಲೇ ನಿಂತಿದ್ದ. ಸತ್ಯ ಪರೀಕ್ಷಿಸಲು ಒಂದು ದಿನ ಕೊಟ್ಟಿದ್ದರೆ ಅವರ ಗಂಟೇನೂ ಹೋಗುತ್ತಿರಲಿಲ್ಲ. ಆ ಕೋಪ ನನಗೆ ಇನ್ನೂ ಇಳಿದಿಲ್ಲ.

ಎರಡನೇ ಸೆಟ್ ತೆಗೆದರು. ವಕೀಲರು ಅದಕ್ಕೂ ಸಿದ್ಧರಾಗಿಯೇ ಬಂದಿದ್ದರು. ಏಳನೇ ಸೂಚಕರದು ಹೆಬ್ಬೆಟ್ಟು, ದೃಢೀಕರಣ ನೋಡಿ ಎಂದರು. ಅಧಿಕಾರಿ ಹಾಳೆಯನ್ನು ಹತ್ತಿರ ಹಿಡಿದು ನೋಡಿದರು. ಆ ಹೊತ್ತಿನಲ್ಲಿ ನನ್ನ ಬಾಯಿ ಒಣಗಿಹೋಗಿತ್ತು. ಸಹಾಯ ಕೇಂದ್ರದವರ ಮಾತು ಕೇಳಿ ಮನೆಯಲ್ಲೇ ಒತ್ತಿಸಿ ತಂದಿದ್ದರೆ ನನ್ನ ಚುನಾವಣೆ ಆ ಮೇಜಿನ ಮೇಲೆ ಮುಗಿಯುತ್ತಿತ್ತು. ಹೆಬ್ಬೆಟ್ಟಿನ ಕೆಳಗೆ ಅಧಿಕಾರಿಯ ಸಹಿ ಇತ್ತು, ಮೊಹರು ಇತ್ತು. "ಕ್ರಮಬದ್ಧ" ಎಂದರು. ಸಂಘದ ಹುಡುಗಿ ನನ್ನ ಕೈ ಹಿಡಿದುಕೊಂಡು ಅತ್ತಳು. ನಾನು ಅಳಲಿಲ್ಲ. ಮೈದುನ ನಮಗಿಂತ ಮೊದಲೇ ಹೊರಗೆ ಹೋಗಿದ್ದ. ಆವತ್ತಿನಿಂದ ನಮ್ಮ ಮನೆಗೆ ಬಂದಿಲ್ಲ. ಬರಬೇಕೆಂದು ನಾನು ಹೇಳಿಯೂ ಕಳಿಸಿಲ್ಲ.

ಮುಂದಿನದನ್ನು ಚಿಕ್ಕದಾಗಿ ಹೇಳುತ್ತೇನೆ. 24ರಂದು, ವಾಪಸ್ ತೆಗೆದುಕೊಳ್ಳುವ ಕೊನೆಯ ದಿನ, ಸಮುದಾಯದ ಹಿರಿಯರೆನಿಸಿಕೊಂಡವರು ಬಂದು ಕೂತರು. ಕಾಫಿ ಕೊಟ್ಟು ಕಳಿಸಿದೆ. ಹೊಲಿಗೆ ಯಂತ್ರದ ಗುರುತು ಸಿಕ್ಕಿತು. ಮೇ 10ರಂದು ಮತದಾನ, 13ರಂದು ಎಣಿಕೆ. ಸೋತೆ. ಚಲಾವಣೆಯಾದ ಮತದಲ್ಲಿ ಆರನೇ ಒಂದು ಭಾಗ ಬರದಿದ್ದರೆ ಠೇವಣಿ ಹೋಗುತ್ತದೆ, ನನ್ನ 10,000 ರೂಪಾಯಿಯೂ ಹೋಯಿತು. ಆದರೆ ಮತಗಟ್ಟೆವಾರು ಲೆಕ್ಕ ಬರುವ ಫಾರಂ 20 ತೆಗೆದು ನೋಡಿ. ನನ್ನ ವಾರ್ಡಿನಲ್ಲಿ ಎರಡೂ ದೊಡ್ಡ ಪಕ್ಷಗಳಿಗಿಂತ ನಾನು ಮುಂದಿದ್ದೇನೆ. ಅದನ್ನು ಯಾರೂ ಅಳಿಸಲಾರರು.

ನಿಲ್ಲುವವರಿಗೆ ಇನ್ನು ಕೆಲವು ಮಾತು.

ಪಕ್ಷದ ಚಿಹ್ನೆಯ ಮೇಲೆ ಪುರಸಭೆಗೆ ಗೆದ್ದು ಈಗ ಪಕ್ಷೇತರರಾಗಿ ನಿಲ್ಲುವವರು ಸ್ಥಳೀಯ ಸಂಸ್ಥೆಗಳಿಗೆ ಸಂಬಂಧಿಸಿದ 1987ರ ಪಕ್ಷಾಂತರ ನಿಷೇಧ ಕಾಯ್ದೆಯನ್ನು ಮೊದಲು ವಕೀಲರ ಹತ್ತಿರ ಓದಿಸಿಕೊಳ್ಳಿ. ಇರುವ ಸ್ಥಾನಕ್ಕೂ ಕುತ್ತು ಬರಬಹುದು.

ಫಾರಂ 26ರ ಅಫಿಡವಿಟ್‌ನಲ್ಲಿ ಒಂದು ಕಲಮನ್ನೂ ಖಾಲಿ ಬಿಡಬೇಡಿ. ಇಲ್ಲದಿದ್ದರೆ "ಇಲ್ಲ" ಎಂದೇ ಬರೆಯಿರಿ. ಎಚ್ಚರಿಸಿದ ಮೇಲೂ ಖಾಲಿ ಬಿಟ್ಟರೆ ನಾಮಪತ್ರ ತಿರಸ್ಕರಿಸಬಹುದು ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಚುನಾವಣೆ ಖರ್ಚಿಗೆಂದೇ ಬೇರೆ ಬ್ಯಾಂಕ್ ಖಾತೆಯನ್ನು ನಾಮಪತ್ರದ ಹಿಂದಿನ ದಿನದೊಳಗೆ ತೆರೆಯಿರಿ. ಮಿತಿ 40 ಲಕ್ಷ ಎಂದು ಕೇಳಿ ಹೆದರಬೇಡಿ, ನಮ್ಮಂಥವರಿಗೆ ಕಷ್ಟ ಇರುವುದು ಲೆಕ್ಕ ಇಡುವುದರಲ್ಲಿ. ಕುರ್ಚಿ, ಶಾಮಿಯಾನ, ಟೀ, ಎಲ್ಲಕ್ಕೂ ಚುನಾವಣಾ ಅಧಿಕಾರಿಗಳದೇ ದರಪಟ್ಟಿ ಇರುತ್ತದೆ. ಅವರ ವಿಡಿಯೊದಲ್ಲಿ ಕಂಡ ಕುರ್ಚಿ ನಿಮ್ಮ ಪುಸ್ತಕದಲ್ಲೂ ಇರಬೇಕು. ಫಲಿತಾಂಶದ 30 ದಿನದೊಳಗೆ ಲೆಕ್ಕ ಒಪ್ಪಿಸದಿದ್ದರೆ ಮೂರು ವರ್ಷ ಅನರ್ಹರಾಗಬಹುದು. ಸೋತ ಬೇಸರದಲ್ಲಿ ಇದನ್ನು ಮರೆಯುವವರೇ ಹೆಚ್ಚು.

ಪ್ರತಿ ಬೂತಿಗೂ ಏಜೆಂಟ್ ಹಾಕಲು ನಮ್ಮಂಥವರ ಕೈಲಿ ಆಗುವುದಿಲ್ಲ, ಕ್ಷೇತ್ರವೊಂದಕ್ಕೆ 200ಕ್ಕೂ ಹೆಚ್ಚು ಬೂತ್ ಇರುತ್ತವೆ. ನಿಮ್ಮ ಬಲ ಇರುವ ಕಡೆಯಾದರೂ ಬಿಡದೆ ಹಾಕಿ, ಸಂಜೆ ಬೂತಿನಲ್ಲಿ ಬಿದ್ದ ಮತಗಳ ಲೆಕ್ಕವಿರುವ ಫಾರಂ 17ಸಿ ಪ್ರತಿ ಕೈಗೆ ಬರುವವರೆಗೆ ಅವರು ಏಳಬಾರದು. 2023ರಲ್ಲಿ ಜಯನಗರದ ಫಲಿತಾಂಶ ತೀರ್ಮಾನವಾದದ್ದು 16 ಮತದಲ್ಲಿ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಒಂದೇ ಒಂದು ಮತದಲ್ಲಿ.

ಸೋಲುತ್ತೀರೆಂದು ಗೊತ್ತಿದ್ದೂ ಯಾಕೆ ನಿಂತಿರಿ ಎಂದು ಕೇಳುವವರು ಈಗಲೂ ಇದ್ದಾರೆ. ಕೆರೆ ಏರಿಯವರ ಹೆಸರು ಇನ್ನೂ ಪಟ್ಟಿಗೆ ಸೇರಿಲ್ಲ, ಅದಕ್ಕೆ ನಿಂತೆ. 2028ಕ್ಕೆ ಮತ್ತೆ ನಿಲ್ಲುತ್ತೇನೆ. ನಾಲ್ಕು ಸೆಟ್ ಹಾಕುತ್ತೇನೆ, ನಲವತ್ತು ಸೂಚಕರು. ಸ್ತ್ರೀಶಕ್ತಿ ಸಂಘದವರು ಈಗಲೇ ಹೆಸರು ಬರೆಸುತ್ತಿದ್ದಾರೆ. ನಮ್ಮ ಮನೆತನದವರ ಹೆಸರು ಅದರಲ್ಲಿ ಒಂದೂ ಇರುವುದಿಲ್ಲ.