ಡಿಸ್ಚಾರ್ಜ್ ಆದಮೇಲೆ ನರ್ಸ್ ಯಾರು?

ಮನೆಯಲ್ಲಿ ರೋಗಿಯನ್ನು ನೋಡಿಕೊಂಡ ಅನುಭವದಿಂದ ನನಗೆ ಖಚಿತವಾಗಿರುವ ಸಂಗತಿ ಇದು: ಮನೆ ಆರೈಕೆಯಲ್ಲಿ ಆಗುವ ಅನಾಹುತಗಳ ಬೇರು ಎಷ್ಟೋ ಸಲ ಆಸ್ಪತ್ರೆಯಿಂದ ಹೊರಡುವ ಹೊತ್ತಿನಲ್ಲೇ ಇರುತ್ತದೆ. ಬಿಲ್ ಕಟ್ಟುವ, ಆಂಬುಲೆನ್ಸ್ ಗೊತ್ತುಮಾಡುವ ಗಡಿಬಿಡಿಯಲ್ಲಿ, ವರ್ಷಗಟ್ಟಲೆ ಓದಿ ಪಳಗಿದ ನರ್ಸ್ ಮಾಡುತ್ತಿದ್ದ ಕೆಲಸ ಸೊಸೆಯ ಕೈಗೋ ಮಗನ ಕೈಗೋ ಬಂದುಬಿಡುತ್ತದೆ. ಅದನ್ನು ಮಾಡುವ ಬಗೆಯನ್ನು ಮಾತ್ರ ಯಾರೂ ಹೇಳಿಕೊಟ್ಟಿರುವುದಿಲ್ಲ. ಆಮೇಲೆ ಏನಾದರೂ ಹೆಚ್ಚುಕಡಿಮೆಯಾದರೆ ‘ಮನೆಯವರು ಸರಿಯಾಗಿ ನೋಡಿಕೊಳ್ಳಲಿಲ್ಲ’ ಎನ್ನುತ್ತಾರೆ. ಇದು ಅನ್ಯಾಯದ ಮಾತು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಔಷಧಗಳಿಂದಾಗುವ ಹಾನಿ ತಗ್ಗಿಸುವ ಅಭಿಯಾನ ಶುರುಮಾಡಿದಾಗ ಮುಖ್ಯವಾಗಿ ಗುರುತಿಸಿದ ಮೂರು ವಿಷಯಗಳಲ್ಲಿ, ರೋಗಿಯ ಆರೈಕೆ ಒಬ್ಬರಿಂದ ಇನ್ನೊಬ್ಬರಿಗೆ ಹಸ್ತಾಂತರವಾಗುವ ಹಂತವೂ ಒಂದು. ಒಟ್ಟೊಟ್ಟಿಗೆ ಹಲವು ಔಷಧ ನುಂಗುವುದು ಇನ್ನೊಂದು. ವಯಸ್ಸಾದವರು ಮನೆಗೆ ಮರಳುವಾಗ ಈ ಎರಡೂ ಜೊತೆಯಲ್ಲೇ ಬರುತ್ತವೆ.

ಇನ್ಸುಲಿನ್ ವಿಷಯವನ್ನೇ ನೋಡಿ. ನಮ್ಮ ಮೆಡಿಕಲ್ ಸ್ಟೋರುಗಳಲ್ಲಿ ಒಂದು ಎಂ.ಎಲ್.ಗೆ 40 ಯೂನಿಟ್ ಇರುವ ಬಾಟಲಿಯೂ ಸಿಗುತ್ತದೆ, 100 ಯೂನಿಟ್ ಇರುವುದೂ ಸಿಗುತ್ತದೆ. ಸಿರಿಂಜುಗಳೂ ಬೇರೆ: 40ರದಕ್ಕೆ ಸಾಮಾನ್ಯವಾಗಿ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ. 100ರ ಬಾಟಲಿಯಿಂದ 40ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ರೋಗಿಯ ಮೈಸೇರುವುದು 20 ಅಲ್ಲ, 50 ಯೂನಿಟ್. ಕೊಟ್ಟವರು ಗೆರೆ ನೋಡಿಯೇ ಕೊಟ್ಟಿದ್ದಾರೆ, ಲೆಕ್ಕ ತಪ್ಪಿಲ್ಲ. ಆದರೂ ರಾತ್ರಿ ಸಕ್ಕರೆ ಕುಸಿದು ರೋಗಿಗೆ ಎಚ್ಚರ ತಪ್ಪಬಹುದು, ಮನೆಯವರು ಅದನ್ನು ಒಳ್ಳೆಯ ನಿದ್ದೆ ಎಂದುಕೊಳ್ಳಬಹುದು. ಸಂಧಿವಾತಕ್ಕೆ ವಾರಕ್ಕೊಮ್ಮೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ದಿನಾ ನುಂಗಿದರೆ ಪ್ರಾಣಕ್ಕೇ ಕುತ್ತು. ಮೂಗಿನ ಪೈಪಿನಲ್ಲಿ ಗಂಜಿ ಹಾಕುವಾಗ ತಲೆಭಾಗ ಎತ್ತರಿಸದಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಇವೆಲ್ಲ ಪ್ರೀತಿ ಕಡಿಮೆಯಾಗಿ ಆಗುವ ತಪ್ಪುಗಳಲ್ಲ. ಇಂಗ್ಲಿಷಿನಲ್ಲಿ ಅಚ್ಚಾದ ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಬಿ.ಡಿ.’ (ದಿನಕ್ಕೆ ಎರಡು ಸಲ), ‘ಟಿ.ಡಿ.ಎಸ್.’ (ದಿನಕ್ಕೆ ಮೂರು ಸಲ) ಎಂದಿದ್ದರೆ ಕನ್ನಡ ಮಾತ್ರ ಓದಬಲ್ಲ ತಾಯಿ ಏನು ಮಾಡಬೇಕು?

‘ನಮ್ಮ ಅಜ್ಜಿಯರು ಮನೆಯಲ್ಲೇ ಎಲ್ಲರನ್ನೂ ನೋಡಿಕೊಳ್ಳಲಿಲ್ಲವೇ’ ಎಂದು ಕೇಳುವವರಿದ್ದಾರೆ. ನೋಡಿಕೊಂಡರು, ನಿಜ. ಅವರ ಕಾಲದ ಮನೆಯಲ್ಲಿ ಕ್ಯಾತಿಟರ್, ಆಕ್ಸಿಜನ್ ಯಂತ್ರ, ರಕ್ತ ತೆಳುವಾಗಿಸುವ ಮಾತ್ರೆ ಇರಲಿಲ್ಲ. ಮನೆಯಲ್ಲಿ ಆಸ್ಪತ್ರೆಯ ಸೋಂಕಿನ ಭಯ ಕಡಿಮೆ, ತಮ್ಮವರ ನಡುವೆ ರೋಗಿಗೆ ನೆಮ್ಮದಿ ಹೆಚ್ಚು ಎಂಬುದನ್ನೂ ಒಪ್ಪುತ್ತೇನೆ; ಮನೆ ಆರೈಕೆ ಬೇಡ ಎಂಬುದು ನನ್ನ ವಾದವೇ ಅಲ್ಲ. ನಿಜಕ್ಕೂ ತೂಕವಿರುವ ಆಕ್ಷೇಪ ಸಮಯದ್ದು: ತುಂಬಿ ತುಳುಕುವ ವಾರ್ಡಿನಲ್ಲಿ ಪ್ರತಿ ಮನೆಯವರಿಗೂ ಪಾಠ ಹೇಳಲು ಯಾರಿಗೆ ಪುರಸೊತ್ತು? ಇದಕ್ಕೆ ದೊಡ್ಡ ಡಾಕ್ಟರೇ ಬೇಕಿಲ್ಲ. ನರ್ಸ್ ಒಮ್ಮೆ ಮಾಡಿ ತೋರಿಸಿ, ಆಮೇಲೆ ಮನೆಯವರ ಕೈಯಲ್ಲೇ ಮಾಡಿಸಿ ನೋಡಿದರೆ ಸಾಕು. ‘ಅರ್ಥವಾಯಿತಾ’ ಎಂದು ಕೇಳಿದರೆ ಸಂಕೋಚಕ್ಕೆ ಎಲ್ಲರೂ ತಲೆಯಾಡಿಸುತ್ತಾರೆ. ಕೈಯಲ್ಲಿ ಮಾಡಿಸಿದಾಗಲೇ ತಪ್ಪು ಕಾಣುವುದು. ಅದಕ್ಕೆ ಹಿಡಿಯುವ ಕೆಲವು ನಿಮಿಷ, ಅದೇ ರೋಗಿ ಮತ್ತೆ ತುರ್ತು ವಿಭಾಗಕ್ಕೆ ಬಂದರೆ ಹೋಗುವ ಸಮಯದ ಮುಂದೆ ಏನೂ ಅಲ್ಲ.

ಆಸ್ಪತ್ರೆಗಳು ಇದನ್ನು ನಿಯಮ ಮಾಡಿಕೊಳ್ಳುವವರೆಗೆ ಕೇಳಿ ಪಡೆಯುವ ಕೆಲಸ ನಮ್ಮದೇ. ನಿಮ್ಮವರನ್ನು ಕರೆತರುವ ಮುನ್ನ ಔಷಧದ ಪಟ್ಟಿಯನ್ನು ಕನ್ನಡದಲ್ಲಿ ಬರೆಸಿಕೊಳ್ಳಿ, ಇಂಜೆಕ್ಷನ್ನನ್ನು ನರ್ಸ್ ಎದುರೇ ಕೊಟ್ಟು ತೋರಿಸಿ, ರಾತ್ರಿ ಯಾರಿಗೆ ಫೋನ್ ಮಾಡಬೇಕೆಂದು ಕೇಳಿಕೊಳ್ಳಿ. ದಯವಿಟ್ಟು ನಾಚಿಕೊಳ್ಳಬೇಡಿ.