ನಗರದ ಗಾಳಿಯೂ ಉದ್ಯಾನದ ಮರಗಳೂ

ಮನುಷ್ಯನಾದರೋ ಹೊಗೆ ಕವಿದ ಬೀದಿಯಿಂದ ಮೂಗು ಮುಚ್ಚಿಕೊಂಡು ದೂರ ಸರಿಯಬಲ್ಲನು; ಮರಕ್ಕೆ ಆ ಸೌಕರ್ಯವಿಲ್ಲ. ಹೈದರಾಲಿಯು 1760ರಲ್ಲಿ ಆರಂಭಿಸಿದ ಬೆಂಗಳೂರಿನ ಲಾಲ್‌ಬಾಗು ಆಗ ಪೇಟೆಯ ಹೊರಗಿದ್ದಿತು. ಇಂದು ಅದನ್ನೂ, 1870ರಲ್ಲಿ ಏರ್ಪಟ್ಟ ಕಬ್ಬನ್ ಪಾರ್ಕನ್ನೂ ವಾಹನಗಳ ಬೀದಿಗಳು ಸುತ್ತುವರಿದಿವೆ. ಇಂತಹ ಗಾಳಿಯಿಂದ ಮರದ ಬೆಳವಣಿಗೆಗೆ ಏನಾಗುತ್ತದೆಂಬುದನ್ನು ಇಲ್ಲಿ ವಿಚಾರಿಸುವೆವು.

ಎಲೆಯೇ ಮರದ ಅಡಿಗೆಮನೆ. ಹೆಚ್ಚಾಗಿ ಅದರ ಕೆಳಮೈಯಲ್ಲಿರುವ ಸೂಕ್ಷ್ಮ ರಂಧ್ರಗಳಿಂದ ಇಂಗಾಲಾಮ್ಲ ವಾಯುವು ಒಳಹೊಕ್ಕು, ಬಿಸಿಲಿನ ಬಲದಿಂದ ನೀರಿನೊಡನೆ ಕೂಡಿ ಸಕ್ಕರೆಯಾಗುತ್ತದೆ. ಮೇಲ್ಮೈಯಲ್ಲಿ ಧೂಳು ಕುಳಿತರೆ ಬಿಸಿಲಿಗೆ ತಡೆಯಾಗುತ್ತದೆ. ನುಣ್ಣನೆಯ ಕಣಗಳು ರಂಧ್ರಗಳನ್ನೂ ಮುಚ್ಚುತ್ತವೆ. ಹೊಗೆಯಲ್ಲಿರುವ ಗಂಧಕ, ಸಾರಜನಕಗಳ ವಿಷವಾಯುಗಳು ಅದೇ ಬಾಗಿಲಿನಿಂದ ಒಳಸೇರಿ ಜೀವಕೋಶಗಳನ್ನು ಕೆಡಿಸುತ್ತವೆ. ಮರವು ಒಡನೆಯೇ ಸಾಯುವುದಿಲ್ಲ. ಎಲೆಯು ಕಿರಿದಾಗಿ ಬೇಗನೆ ಉದುರುತ್ತದೆ. ಕಾಂಡವು ದಪ್ಪವಾಗುವುದು ವರ್ಷವರ್ಷಕ್ಕೂ ಕುಂದುತ್ತದೆ. ಈ ನಷ್ಟವು ಕಣ್ಣಿಗೆ ಬೀಳದ ಕಾರಣ ಜನರು ಅದನ್ನು ಲೆಕ್ಕಿಸುವುದಿಲ್ಲ. ಮರಗಳು ಧೂಳನ್ನು ಹಿಡಿಯುತ್ತವೆಂದು ಹೊಗಳುವವರು, ಅದರ ವೆಚ್ಚವನ್ನು ತೆರುವವರಾರೆಂದು ಕೇಳುವುದುಂಟೇ?

ಹಾಗೆಂದು ಊರ ಹೊರಗಿನ ಗಾಳಿಯೆಲ್ಲವೂ ನಿರ್ಮಲವೆಂದು ಭಾವಿಸಕೂಡದು. ನ್ಯೂಯಾರ್ಕ್ ಪ್ರಾಂತದಲ್ಲಿ ಒಂದೇ ತಾಯಿಗಿಡದ ಪಾಪ್ಲರ್ ಸಸಿಗಳನ್ನು ನಗರದಲ್ಲಿಯೂ ಹಳ್ಳಿಗಾಡಿನಲ್ಲಿಯೂ ಬೆಳೆಸಿ ನೋಡಿದ ಪ್ರಯೋಗವೊಂದು 2003ರಲ್ಲಿ ಪ್ರಕಟವಾಯಿತು. ಆಶ್ಚರ್ಯವೇನೆಂದರೆ, ನಗರದ ಸಸಿಗಳೇ ಸುಮಾರು ಇಮ್ಮಡಿ ಬೆಳೆದಿದ್ದವು. ವಾಹನಗಳ ಹೊಗೆಯು ಬಿಸಿಲಿನಲ್ಲಿ ಓಜೋನ್ ಎಂಬ ಉಗ್ರವಾಯುವನ್ನು ಹುಟ್ಟಿಸುತ್ತದೆ. ಅದು ನಗರದ ಹೊಸ ಹೊಗೆಯೊಡನೆ ಬೆರೆತು ಅಲ್ಲಿಯೇ ಬಹಳ ಮಟ್ಟಿಗೆ ಕರಗುತ್ತದೆ. ಗಾಳಿಯೊಡನೆ ಹಳ್ಳಿಗೆ ತೇಲಿಹೋದುದಾದರೋ ಅಲ್ಲಿ ಉಳಿದು ಎಲೆಗಳನ್ನು ಬಾಧಿಸುತ್ತದೆ.

ಹರಪನಹಳ್ಳಿಯ ಕಡೆಯ ನಮಗೆ ಹೊಗೆಗಿಂತ ಧೂಳೇ ದೊಡ್ಡ ಶತ್ರು. ಗಣಿಗಾರಿಕೆಯು ಜೋರಾಗಿದ್ದ ವರ್ಷಗಳಲ್ಲಿ ಅದಿರಿನ ಲಾರಿಗಳಿಂದ ಸಂಡೂರು, ಹೊಸಪೇಟೆ ದಾರಿಯ ಮರಗಳು ಕೆಂಪೇರಿದ್ದುದನ್ನು ಆ ಮಾರ್ಗವಾಗಿ ಹೋಗಿಬಂದವರು ಮರೆತಿರಲಾರರು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಿತು. ಮುಂದೆ ಅದು ಮಿತಿಯೊಳಗೆ ಪುನಃ ಆರಂಭವಾಯಿತು. ಮಳೆಯು ವಿರಳವಾದ ಈ ಸೀಮೆಯಲ್ಲಿ ಎಲೆಯ ಮೇಲಣ ಧೂಳು ತಿಂಗಳುಗಟ್ಟಲೆ ತೊಳೆದುಹೋಗದು. ಆದುದರಿಂದ ಎಳೆಯ ಸಸಿಗಳಿಗೆ ಬೇಸಿಗೆಯಲ್ಲಿ ಬುಡಕ್ಕೆ ಮಾತ್ರವಲ್ಲದೆ ಎಲೆಗಳಿಗೂ ಆಗಾಗ ನೀರು ಚಿಮುಕಿಸತಕ್ಕದ್ದು.

ಆದರೆ ಮರ ಸೊರಗಿದುದಕ್ಕೆಲ್ಲಾ ಗಾಳಿಯನ್ನೇ ದೂರುವುದು ನ್ಯಾಯವಲ್ಲ. ಬುಡಕ್ಕೆ ಬಳಿದ ಸಿಮೆಂಟು, ತುಳಿದು ಗಟ್ಟಿಯಾದ ಮಣ್ಣು, ನೀರಿನ ಅಭಾವ ಇವೂ ಅಷ್ಟೇ ಕೇಡು ಮಾಡುತ್ತವೆ. ಕಾರಣವನ್ನು ಅರಿಯಬೇಕೆನ್ನುವ ತಾಯಂದಿರು ಮಕ್ಕಳೊಡನೆ ರಸ್ತೆಯ ಬದಿಯದೊಂದು, ಒಳಗಿನದೊಂದು, ಹೀಗೆ ಒಂದೇ ವಯಸ್ಸಿನ ಎರಡು ಬೇವಿನ ಮರಗಳನ್ನು ಆರಿಸಿಕೊಳ್ಳಲಿ. ಎರಡರ ಬುಡದ ಮಣ್ಣನ್ನೂ ಮೊದಲು ನೋಡಿ, ನಾಲ್ಕೂವರೆ ಅಡಿ ಎತ್ತರದಲ್ಲಿ ಕಾಂಡದ ಸುತ್ತಳತೆಯನ್ನು ವರ್ಷಕ್ಕೊಮ್ಮೆ ಅದೇ ತಿಂಗಳಿನಲ್ಲಿ ಅಳೆದು ಬರೆದಿಡಲಿ.