ಟಿಂಟಿಂಗ್ ಸೂತ್ರ: ಬಣ್ಣದ ವರ್ತಕರು ಅರಿತಿರಬೇಕಾದ ಅಂಶಗಳು

ಒಮ್ಮೆ ಟಿಂಟ್ ಮಾಡಿದ ಡಬ್ಬವನ್ನು ಬೇರೊಬ್ಬ ಗ್ರಾಹಕರಿಗೆ ಮಾರುವುದು ಕಷ್ಟ. ತಪ್ಪಿದರೆ ನಷ್ಟ ವರ್ತಕರದೇ. ಆದುದರಿಂದ ಸೂತ್ರವನ್ನು ಸರಿಯಾಗಿ ಓದುವುದು ಅವಶ್ಯಕ.

ಸೂತ್ರದಲ್ಲಿ ಮೂರು ಅಂಶಗಳಿರುತ್ತವೆ: ಬೇಸ್, ಕಲರೆಂಟ್‌ಗಳ ಸಂಕೇತ ಮತ್ತು ಅವುಗಳ ಪ್ರಮಾಣ. ಬಿಳಿ ಬೇಸ್‌ನಲ್ಲಿ ಟೈಟಾನಿಯಂ ಡೈಆಕ್ಸೈಡ್ ಹೆಚ್ಚು. ಗಾಢ ವರ್ಣಗಳ ಬೇಸ್‌ನಲ್ಲಿ ಕಡಿಮೆ. ಆದಕಾರಣ ಬೇಸ್ ಬದಲಾದರೆ ಅದೇ ಸೂತ್ರವು ಬೇರೆಯೇ ಬಣ್ಣವನ್ನು ನೀಡುತ್ತದೆ. ಒಂದು ಕಂಪನಿಯ ಸೂತ್ರ ಮತ್ತೊಂದರ ಬೇಸ್‌ಗೆ ಹೊಂದದು.

ಉದಾಹರಣೆಗೆ, 1 ಲೀಟರಿಗೆ 2.5 ಮಿ.ಲೀ. ಕಪ್ಪು ಎಂದಿದ್ದರೆ 20 ಲೀಟರಿಗೆ 50 ಮಿ.ಲೀ. ಬೇಕು. ಯಂತ್ರವು 0.5 ಮಿ.ಲೀ. ಹೆಚ್ಚು ಸುರಿಸಿದರೆ ದೊಡ್ಡ ಡಬ್ಬದಲ್ಲಿ ಕಪ್ಪಿನ ಪ್ರಮಾಣ ಶೇ. 1ರಷ್ಟು, ಚಿಕ್ಕದರಲ್ಲಿ ಶೇ. 20ರಷ್ಟು ಏರುತ್ತದೆ. ಆದುದರಿಂದ ಚಿಕ್ಕ ಡಬ್ಬಕ್ಕೇ ಹೆಚ್ಚಿನ ಎಚ್ಚರ ಅಗತ್ಯ. ಒಣಗಿದ ಮಾದರಿಯನ್ನು ಶೇಡ್ ಕಾರ್ಡಿನೊಡನೆ ಹೋಲಿಸಿದ ನಂತರವೇ ಸರಕು ನೀಡುವುದು ಕ್ಷೇಮ.